ಹಾಡು ಕಟ್ಟುವಲ್ಲಿ ನೇರನುಡಿಯೂ ಮರೆನುಡಿಯೂ

ನಮ್ಮ ಪಾಠಶಾಲೆಯಲ್ಲಿ ಕಲಿತು ಹೊರಟ ಕೆಲವು ವಿದ್ಯಾರ್ಥಿನಿಯರು ಈ ಸ್ಮರಣ ಸಂಚಿಕೆಗಾಗಿ ನಮ್ಮಿಂದ ಹಳೆಯ ನೆನಪುಗಳಿಗಿಂತ ಒಂದು ಪಾಠವನ್ನೇ ಬಯಸಿರುವರು. “ಟೀಚರೇ, ಈಗ ನಮ್ಮ ಮಕ್ಕಳು ವಾರ್ಷಿಕೋತ್ಸವಕ್ಕೆ ಹಾಡು ಬರೆಯುತ್ತಾರೆ. ತಿದ್ದಿ ಕೊಡಿ ಎಂದು ನಮ್ಮ ಮುಂದೆ ಹಿಡಿಯುತ್ತಾರೆ. ಹಾಡಿನಲ್ಲಿ ವಿಷಯವನ್ನು ಇದ್ದ ಹಾಗೆಯೇ ಹೇಳಬೇಕಾ, ಮರೆಯಲ್ಲಿಟ್ಟು ಸೂಚಿಸಬೇಕಾ?” ಎಂಬುದು ಅವರ ಪ್ರಶ್ನೆ. ಪ್ರಶ್ನೆಯು ಸಣ್ಣದಾಗಿ ತೋರಿದರೂ ಅದಕ್ಕೆ ಒಂದು ಮಾತಿನ ಉತ್ತರವಿಲ್ಲ. ಅನೇಕ ವರುಷ ಈ ವಿಷಯದಲ್ಲಿ ನಾವೇ ತಪ್ಪು ದಾರಿಯನ್ನು ಹಿಡಿದು ಬಾಲಿಕೆಯರನ್ನೂ ಅದೇ ದಾರಿಯಲ್ಲಿ ನಡೆಯಿಸಿದ್ದುಂಟು. ಆದಕಾರಣ ನಮ್ಮ ತಪ್ಪಿನಿಂದಲೇ ಪಾಠವನ್ನು ಪ್ರಾರಂಭಿಸುವೆವು.

ಬಹುಕಾಲ ನಮ್ಮ ಅಡಿಗೆಮನೆಯನ್ನು ನೋಡಿಕೊಂಡಿದ್ದ ಒಬ್ಬ ಅಮ್ಮನವರು ಕೆಲಸದಿಂದ ನಿವೃತ್ತರಾಗುವ ಸಮಯ ಬಂದಿತು. ಬೀಳ್ಕೊಡುಗೆಯ ಹಾಡನ್ನು ಒಂಬತ್ತನೆಯ ತರಗತಿಯವರು ಬರೆಯತಕ್ಕದ್ದೆಂದು ನಿಶ್ಚಯವಾಯಿತು. ಎರಡು ದಿನಗಳಲ್ಲಿ ಹಾಡು ಸಿದ್ಧವಾಗಿ ನಮ್ಮ ಮೇಜಿಗೆ ಬಂದಿತು. ಅದರ ಮೊದಲ ನುಡಿಯು ಹೀಗಿದ್ದಿತು:

ಜ್ಞಾನದ ಜ್ಯೋತಿಯು ಬೆಳಗಲಿ ನಿತ್ಯ
ಪ್ರೇಮದ ಪಥದಲಿ ಸಾಗುವ ಸತ್ಯ
ತ್ಯಾಗದ ಮೂರ್ತಿಯೆ ನಿಮಗಿದೊ ನಮನ
ಭಾವದ ಪುಷ್ಪದ ಅರ್ಪಣ ಸುಮನ

ಮಾತ್ರೆಗಳು ಸರಿಯಾಗಿದ್ದವು, ಪ್ರಾಸವೂ ಕೂಡಿತ್ತು. ನಾವು ಸಂತೋಷದಿಂದ ಒಪ್ಪಿಗೆಯ ಗುರುತನ್ನು ಹಾಕಿದೆವು. ಮಧ್ಯಾಹ್ನದ ಬಿಡುವಿನಲ್ಲಿ ಬಾಲಿಕೆಯರು ಇದನ್ನು ಹಾಡಿ ಅಭ್ಯಾಸಮಾಡುತ್ತಿರುವಾಗ ಆ ಅಮ್ಮನವರು ಪಾತ್ರೆ ತೊಳೆಯುತ್ತ ಕಿಟಿಕಿಯಿಂದ ಕೇಳಿಸಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಹೊರಗೆ ಬಂದು, ಬಹಳ ಮರ್ಯಾದೆಯಿಂದ, “ಒಳ್ಳೆ ಹಾಡು ಟೀಚರೇ. ಈ ಸಲ ಯಾರು ಬರುತ್ತಾರೆ ಅತಿಥಿ?” ಎಂದು ವಿಚಾರಿಸಿದರು.

ಆ ಪ್ರಶ್ನೆಯನ್ನು ನಾವು ಇಂದಿಗೂ ಮರೆತಿಲ್ಲ. ಯಾರಿಗಾಗಿ ಹಾಡು ಕಟ್ಟಲ್ಪಟ್ಟಿತೋ ಅವರಿಗೇ ಅದು ತಮ್ಮ ಹಾಡೆಂದು ತಿಳಿಯಲಿಲ್ಲ. ತಿಳಿಯುವುದಾದರೂ ಹೇಗೆ? ಅದನ್ನು ಯಾವ ಊರಿನ ಯಾವ ಸಭೆಯಲ್ಲಿ ಯಾರ ಮುಂದೆ ಹಾಡಿದರೂ ನಡೆಯುತ್ತಿತ್ತು. ಶಾಸಕರ ಸ್ವಾಗತಕ್ಕೂ ಸಲ್ಲುವುದು, ಬ್ಯಾಂಕಿನ ಶಾಖೆಯ ಪ್ರಾರಂಭಕ್ಕೂ ಸಲ್ಲುವುದು.

ಮರುದಿನ ತರಗತಿಯಲ್ಲಿ ಆ ಹಾಡನ್ನು ಪಕ್ಕಕ್ಕಿಟ್ಟು ಬಾಲಿಕೆಯರಿಗೆ ಒಂದೇ ಪ್ರಶ್ನೆಯನ್ನು ಕೊಟ್ಟೆವು: “ಅಮ್ಮನವರು ಹೋದ ಮರುದಿನ ನಿಮಗೆ ಮೊದಲು ಏನು ಕಾಣದೆ ಹೋಗುವುದು?” ಮೊದಲು ಎಲ್ಲರೂ ಸುಮ್ಮನಿದ್ದರು. ಬಳಿಕ ಒಬ್ಬಳು, ಮೊದಲ ಗಂಟೆಗೆ ಮುಂಚೆ ಏಳುವ ಒಲೆಯ ಹೊಗೆ ಎಂದಳು. ಮತ್ತೊಬ್ಬಳು, ಆಷಾಢದಲ್ಲಿ ತೊಯ್ದು ಬಂದ ಪುಸ್ತಕದ ಚೀಲಗಳನ್ನು ಒಲೆಯ ಬದಿಯಲ್ಲಿ ಒಣಗಿಸಿಕೊಡುತ್ತಿದ್ದರೆಂದಳು. ಅವರಿಗೆ ಮಕ್ಕಳ ಹೆಸರು ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ, “ಬಾ ಕಾಣಿಯೂರು”, “ಇನ್ನು ಸ್ವಲ್ಪ ಹಾಕಲಾ ಬೆಳ್ಳಾರೆ?”, “ಆಲಂಕಾರು, ನೀನು ಉಂಡದ್ದಾ?” ಎಂದು ಊರಿನ ಹೆಸರಿನಿಂದಲೇ ಕರೆಯುತ್ತಿದ್ದರು. ಇದನ್ನು ಒಬ್ಬಳು ಅನುಕರಿಸಿ ತೋರಿಸಿದಾಗ ತರಗತಿಯೆಲ್ಲ ನಕ್ಕಿತು. ಅದೇ ವಾರದಲ್ಲಿ ಹೊಸ ಹಾಡು ಸಿದ್ಧವಾಯಿತು:

ಗಂಟೆ ಹೊಡೆವ ಮೊದಲೆ ನಿಮ್ಮ
ಒಲೆಯ ಹೊಗೆಯು ಏಳುತಿತ್ತು
ಮಳೆಗೆ ನೆನೆದ ನಮ್ಮ ಚೀಲ
ಒಲೆಯ ಬಳಿಯೆ ಒಣಗುತಿತ್ತು

ಹೆಸರು ಮರೆತು ಊರ ಹಿಡಿದು
ನೀವು ಕರೆದಿರೆಮ್ಮನೆಲ್ಲ
ಊರು ಊರು ಸಾಲು ಕುಳಿತು
ಉಂಡೆವಮ್ಮ ದಿನಗಳೆಲ್ಲ

ಇದು ಮಹಾಕಾವ್ಯವೆಂದು ನಾವು ಹೇಳುವುದಿಲ್ಲ. ಆದರೆ ಸಭೆಯ ದಿನ ಎರಡನೆಯ ಸಾಲು ಮುಗಿಯುವುದರೊಳಗೆ ಆ ಅಮ್ಮನವರು ಸೆರಗಿನಿಂದ ಮುಖವನ್ನು ಮುಚ್ಚಿಕೊಂಡರು. ಹಾಡಿನಲ್ಲಿ ಪ್ರೇಮವೆಂಬ ಶಬ್ದವಿಲ್ಲ, ತ್ಯಾಗವೆಂಬ ಶಬ್ದವಿಲ್ಲ. ಕೃತಜ್ಞತೆ ಎಂಬುದಂತೂ ಇಲ್ಲವೇ ಇಲ್ಲ.

ಹಾಗಾದರೆ ಮೊದಲ ಹಾಡು ಅಷ್ಟು ಸಲೀಸಾಗಿ ಬಾಲಿಕೆಯರ ಲೇಖಣಿಯಿಂದ ಇಳಿದದ್ದು ಏಕೆ? ಇದಕ್ಕೆ ನಮ್ಮ ನಾಡಿನ ಸ್ಥಿತಿಯಲ್ಲೇ ಒಂದು ಕಾರಣವಿದೆ. ತಾಯಿತಂದೆಗಳು ಅದನ್ನು ಗಮನಿಸಬೇಕೆಂದು ಕೋರುವೆವು. ಪುತ್ತೂರು, ಸುಳ್ಯ, ಮತ್ತು ಆ ಎರಡರ ಗ್ರಾಮಗಳು ಕೂಡಿ ಈಚೆಗೆ ತಾಲೂಕಾದ ಕಡಬ, ಈ ಪ್ರದೇಶದಿಂದ ನಮ್ಮಲ್ಲಿಗೆ ಬರುವ ಮಕ್ಕಳಲ್ಲಿ ಹೆಚ್ಚಿನವರ ಮನೆಮಾತು ತುಳು. ಸುಳ್ಯದ ಕಡೆಯ ಗೌಡರ ಮನೆಗಳಲ್ಲಿ ಅರೆಭಾಷೆ. ಹವ್ಯಕರದ್ದು ಬೇರೆಯೇ ಒಂದು ಕನ್ನಡ. ಕೊಂಕಣಿ, ಬ್ಯಾರಿ, ಮಲೆಯಾಳ, ಮರಾಠಿ ಮಾತಾಡುವ ಮನೆಗಳೂ ಅನೇಕ. ಪುಸ್ತಕದ ಕನ್ನಡವು ಬಹುಮಂದಿಗೆ ಶಾಲೆಯ ಮೆಟ್ಟಲನ್ನು ಹತ್ತಿದ ಮೇಲೆ ದೊರಕಿದ ಭಾಷೆ. ಪಾಠದ ಪುಸ್ತಕವು ಮೊದಲು ಕಲಿಸುವ ಗೌರವದ ಶಬ್ದಗಳೆಂದರೆ ಜ್ಞಾನ, ಜ್ಯೋತಿ, ತ್ಯಾಗ, ಸೇವೆ. ಇವನ್ನು ಬಳಸಿದರೆ ತಪ್ಪಾಗುವ ಭಯವಿಲ್ಲ. ಅದೇ ತೋಡು, ಸಂಕ, ಗುಡ್ಡೆ, ಕಟ್ಟ, ಹಾಳೆ, ಗೊರಬು ಎಂಬ ಮಾತುಗಳನ್ನು ಹಾಡಿನಲ್ಲಿ ಇಡಲು ಬಾಲಿಕೆಯು ಹಿಂಜರಿಯುವಳು; “ಇದು ಕನ್ನಡವಾ, ತುಳುವಾ ಟೀಚರೇ?” ಎಂದು ಸಂಶಯಪಡುವಳು. ತಾನು ಪ್ರತಿದಿನ ಸಂಕ ದಾಟಿ ಶಾಲೆಗೆ ಬರುವವಳಾದರೂ ಬರಹದಲ್ಲಿ “ಜೀವನಸೇತು” ಎಂದೇ ಬರೆಯುವಳು. ಆ ಸೇತುವೆಗೆ ಅಡಿಕೆಮರದ ಸಲಾಕೆಯೂ ಇಲ್ಲ, ಕೈಹಿಡಿಗೆ ಬಳ್ಳಿಯೂ ಇಲ್ಲ. ಅದರ ಮೇಲೆ ಯಾರೂ ನಡೆಯಲಾರರು.

ಎರಡನೆಯ ಕಾರಣ ಪ್ರಾಸ. ಸತ್ಯ ಎಂದರೆ ನಿತ್ಯ, ನಮನ ಎಂದರೆ ಸುಮನ, ಭಕ್ತಿ ಎಂದರೆ ಶಕ್ತಿ, ಹೀಗೆ ಸಂಸ್ಕೃತದ ಭಾವನಾಮಗಳು ಜೋಡಿಜೋಡಿಯಾಗಿ ಕೈಗೆ ಸಿಕ್ಕುವುವು. ಗೊರಬಿಗೆ ಜೋಡಿಯನ್ನು ಹುಡುಕುವುದು ಕಷ್ಟ. ನೆರೆಯ ಮಂಜೇಶ್ವರದ ಗೋವಿಂದ ಪೈಗಳು ೧೯೧೧ರಲ್ಲಿ ಎರಡನೆಯ ಅಕ್ಷರದ ಪ್ರಾಸವನ್ನು ಬಿಟ್ಟು ಕವಿತೆ ಬರೆಯಲು ತೊಡಗಿದರು. ಆಗ ಅದು ಸಾಹಸವಾಗಿತ್ತು. ಒಂದು ಶತಮಾನ ಕಳೆದ ಮೇಲೂ ಹದಿನಾಲ್ಕು ವರುಷದ ಬಾಲಿಕೆಯು ಪ್ರಾಸಕ್ಕಾಗಿ ತನ್ನ ಅರ್ಥವನ್ನು ಮಾರುವುದನ್ನು ಕಂಡಾಗ ನಮಗೆ ಖೇದವಾಗುವುದು. ಪ್ರಾಸವು ತಾನಾಗಿ ಬಂದರೆ ಬರಲಿ. ಬಾರದಿದ್ದರೆ ತಾಳವು ಸಾಕು.

ಮೂರನೆಯದೊಂದು ಕಾರಣವನ್ನು ಹೇಳಲು ನಮಗೆ ನಾಚಿಕೆಯಾಗುವುದು. ಇಂಥ ಹಾಡುಗಳಿಗೆ ಬಹುಮಾನ ಕೊಟ್ಟವರು ನಾವೇ.

ಹಾಡು ಬೇರೆ, ಓದುವ ಕವಿತೆ ಬೇರೆ ಎಂಬುದನ್ನು ಇಲ್ಲಿ ನೆನಪಿನಲ್ಲಿಡತಕ್ಕದ್ದು. ಓದುವವನ ಕಣ್ಣು ತಿಳಿಯದ ಸಾಲಿಗೆ ಹಿಂದಿರುಗಬಲ್ಲದು. ಕೇಳುವವನ ಕಿವಿಗೆ ಆ ಸ್ವಾತಂತ್ರ್ಯವಿಲ್ಲ. ಒಂದು ಉದ್ದವಾದ ಸಮಾಸವನ್ನು ಅವನು ಬಿಡಿಸಿಕೊಳ್ಳುವಷ್ಟರಲ್ಲಿ ರಾಗವು ಎರಡು ಸಾಲು ಮುಂದೆ ಹೋಗಿರುವುದು. ಒತ್ತಕ್ಷರಗಳು ಒಂದರ ಮೇಲೊಂದು ಬಂದರೆ ಸಣ್ಣ ಮಕ್ಕಳ ಉಸಿರು ಕಟ್ಟುವುದು. ಉದ್ದ ಎಳೆಯಬೇಕಾದ ಸ್ಥಳದಲ್ಲಿ ದೀರ್ಘಸ್ವರವಿದ್ದರೆ ಕಂಠವು ತಾನಾಗಿ ತೆರೆಯುವುದು. ಇನ್ನೊಂದು ಸಂಗತಿ: ದುಃಖವೋ ಸಂತೋಷವೋ ಎಂಬುದನ್ನು ರಾಗವು ಮೊದಲೇ ಹೇಳಿರುತ್ತದೆ. ಅದರ ಮೇಲೆ ಮಾತು ಸಹ “ಅಯ್ಯೋ ದುಃಖ” ಎಂದರೆ ಒಂದೇ ಪಲ್ಯಕ್ಕೆ ಎರಡು ಸಲ ಉಪ್ಪು ಹಾಕಿದಂತಾಗುವುದು. ರಾಗವು ಹೇಳಲಾರದ್ದನ್ನು, ಎಂದರೆ ಯಾರು, ಎಲ್ಲಿ, ಏನನ್ನು ಹಿಡಿದುಕೊಂಡು, ಯಾವ ಹೊತ್ತಿನಲ್ಲಿ ಎಂಬುದನ್ನು, ಮಾತು ಹೇಳತಕ್ಕದ್ದು.

ಇದನ್ನು ನಮ್ಮ ಸೀಮೆಯ ಹಾಡುಗಾರ್ತಿಯರು ಯಾವ ಶಾಲೆಗೂ ಹೋಗದೆ ಬಲ್ಲವರಾಗಿದ್ದರು. ನೇಜಿ ನೆಡುವಾಗ ಹೆಂಗಸರು ಹಾಡುತ್ತಿದ್ದ ತುಳು ಪಾಡ್ದನಗಳನ್ನು ನೋಡಿರಿ. ಬಾಸೆಲ್ ಮಿಶನಿನ ಮ್ಯಾನರ್ ಎಂಬವರು ೧೮೮೬ರಲ್ಲಿ ಮಂಗಳೂರಿನಲ್ಲಿ ಕೆಲವು ಪಾಡ್ದನಗಳನ್ನು ಅಚ್ಚುಹಾಕಿಸಿದರು. ಅದಕ್ಕೆ ಎಷ್ಟೋ ತಲೆಮಾರುಗಳ ಹಿಂದಿನಿಂದ ಅವು ಬಾಯಿಂದ ಬಾಯಿಗೆ ಬಂದವು. ಕೋಟಿ ಚೆನ್ನಯರ ಪಾಡ್ದನವು ನಮ್ಮ ಸುತ್ತಲಿನ ಊರುಗಳಲ್ಲೇ ನಡೆಯುವ ಕಥೆ: ಪಡುಮಲೆಯಲ್ಲಿ ಹುಟ್ಟು, ಪಂಜದಲ್ಲಿ ತಂಗು, ಎಣ್ಮೂರಿನಲ್ಲಿ ಅಂತ್ಯ. ಬೇಟೆಗೆ ಹೋದ ಬಲ್ಲಾಳನ ಕಾಲಿಗೆ ಮುಳ್ಳು ತಾಗುವುದು. ಆ ಗಾಯವನ್ನು ವಾಸಿಮಾಡಲು ತುಂಬು ಗರ್ಭಿಣಿಯಾದ ದೇಯಿ ಬೈದ್ಯೆತಿಯನ್ನು ಕರೆಯಿಸುವರು. ಒಂದು ವಂಶದ ಹಣೆಬರಹವೇ ತಿರುಗುವ ಆ ಸ್ಥಳದಲ್ಲಿ ಹಾಡುಗಾರ್ತಿಯು ವಿಧಿ, ಕರ್ತವ್ಯ, ಅನ್ಯಾಯ ಎಂದು ವ್ಯಾಖ್ಯಾನ ಮಾಡಲು ನಿಲ್ಲುವುದಿಲ್ಲ. ಮುಳ್ಳು, ಕಾಲು, ಮದ್ದಿನ ಸೊಪ್ಪು, ದಂಡಿಗೆ. ಇವನ್ನು ಒಂದರ ಹಿಂದೆ ಒಂದಾಗಿ ಇಡುತ್ತ ಹೋಗುವಳು. ಭಾವವನ್ನು ಹೊರುವ ಕೆಲಸವು ಗದ್ದೆಯ ಸಾಲಿನಲ್ಲಿ ಎಲ್ಲರೂ ಕೂಡಿ ತಿರುಗಿ ಹೇಳುವ, ಅರ್ಥವೇ ಇಲ್ಲದ ಪಲ್ಲವಿಯ ಧ್ವನಿಗಳಿಗೆ ಸೇರಿದ್ದು. ಬಂಟವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು (೧೮೭೪–೧೯೩೭) ಈ ಕಥೆಯನ್ನು ಕನ್ನಡ ಗದ್ಯಕ್ಕೆ ತಂದವರು. ಅವರ ಶಿಶುಗೀತೆಗಳಲ್ಲಿಯೂ ಕಣ್ಣಿಗೆ ಕಾಣುವ ವಸ್ತುವೇ ಮುಂದೆ ನಿಲ್ಲುವುದು. ಮಕ್ಕಳ ಬಾಯಲ್ಲಿ ಅವು ಇನ್ನೂ ಉಳಿದಿರುವುದಕ್ಕೆ ಇದೇ ಮುಖ್ಯ ಕಾರಣವೆಂದು ನಮ್ಮ ಅಭಿಪ್ರಾಯ.

ಯಕ್ಷಗಾನದ ತಾಳಮದ್ದಳೆಯಲ್ಲಿ ಈ ಕೆಲಸದ ಪಾಲುಪಟ್ಟಿಯು ಇನ್ನೂ ಸ್ಪಷ್ಟ. ಭಾಗವತರು ಹಾಡುವ ಪದ್ಯವು ನಾಲ್ಕು ಸಾಲಿನಲ್ಲಿ ಮುಗಿಯುವುದು. ಯಾರು ಬಂದರು, ಏನು ಕೇಳಿದರು, ಯಾರು ಸಿಟ್ಟಾದರು ಎಂಬಷ್ಟೇ ಅದರಲ್ಲಿರುವುದು. ಧರ್ಮಾಧರ್ಮದ ಜಿಜ್ಞಾಸೆಯೆಲ್ಲ ಅರ್ಥಧಾರಿಯ ಮಾತಿಗೆ ಬಿಟ್ಟದ್ದು. ಅದು ಅರ್ಧ ಗಂಟೆಯೂ ಆಗಬಹುದು. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳು ಇಷ್ಟು ಕಾಲ ಆಡಲ್ಪಟ್ಟದ್ದು ಪದ್ಯವು ತನ್ನ ಮಿತಿಯನ್ನು ತಿಳಿದಿದ್ದುದರಿಂದ. ಈಗ ನಮ್ಮ ತಾಲೂಕುಗಳಲ್ಲಿ ಹೆಂಗಸರೇ ಕೂಡಿ ನಡೆಯಿಸುವ ತಾಳಮದ್ದಳೆಗಳಿವೆ. ಹಾಡು ಬರೆಯಲಿಚ್ಛಿಸುವ ಬಾಲಿಕೆಯನ್ನು ತಾಯಂದಿರು ಒಂದು ಮಳೆಗಾಲ ಅಲ್ಲಿ ಕುಳ್ಳಿರಿಸಿದರೆ ನಮ್ಮ ಪಾಠದ ಅರ್ಧ ಭಾಗವು ಅಲ್ಲಿಯೇ ಮುಗಿದೀತು.

ಹೊಸಗನ್ನಡದಲ್ಲಿ ನೇರನುಡಿಯ ಹಾಡಿಗೆ ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ಗಿಂತ (೧೯೪೨) ಸಮೀಪದ ಉದಾಹರಣೆ ಬೇಕಿಲ್ಲ. ತವರಿನಲ್ಲಿರುವ ಹೆಂಡತಿಯ ಸುದ್ದಿಯನ್ನು ಗಂಡನ ಬಾಗಿಲಿಗೆ ತರುವವನು ಬಳೆಗಾರ. ಅವನು ಪ್ರೀತಿಯ ವಿಷಯವಾಗಿ ಉಪನ್ಯಾಸ ಮಾಡುವುದಿಲ್ಲ. ಕಂಡದ್ದನ್ನು ಹೇಳಿ ಹೋಗುವನು.

ಇಷ್ಟಾದ ಮೇಲೆ, ನೇರನುಡಿಯೇ ಮೇಲು ಎಂದು ಪಾಠವನ್ನು ಮುಗಿಸಬಹುದಿತ್ತು. ನಾವು ಹಾಗೆಯೇ ಮುಗಿಸಿದೆವು. ಅದು ನಮ್ಮ ಎರಡನೆಯ ತಪ್ಪು. ಅಡಿಗೆಯ ಅಮ್ಮನವರ ಹಾಡಿನ ನಂತರ ಮೂರು ನಾಲ್ಕು ವರುಷ ನಮ್ಮ ಬಾಲಿಕೆಯರ ಹಾಡುಗಳಲ್ಲಿ ವಸ್ತುಗಳು ತುಂಬಿ ತುಳುಕಿದವು. ಪ್ರಾರ್ಥನಾಗೀತದಲ್ಲಿ ಸಹ ಬೆಂಚು, ಬಾವಿ, ಬುತ್ತಿ, ಬಸ್ಸು. ಹಾಡೆಂದರೆ ಸಂತೆಯ ಪಟ್ಟಿಯಾಯಿತು. ಸುಳ್ಯದಿಂದ ಬಂದಿದ್ದ ಒಬ್ಬ ತಂದೆಯವರು ಕಾರ್ಯಕ್ರಮ ಮುಗಿದ ಬಳಿಕ, “ಎಲ್ಲ ಕಂಡೆವು ಟೀಚರೇ, ಆದರೆ ಮನೆಗೆ ಕೊಂಡುಹೋಗಲಿಕ್ಕೆ ಏನೂ ಸಿಕ್ಕಲಿಲ್ಲ” ಎಂದರು. ಆ ಮಾತನ್ನು ಒಪ್ಪದೆ ಬೇರೆ ದಾರಿಯಿರಲಿಲ್ಲ.

ಆಗ ನಾವು ಮರೆನುಡಿಯ ಕಡೆಗೆ ಪುನಃ ತಿರುಗಿದೆವು. ನಮ್ಮ ದೇಶದ ಅಲಂಕಾರಶಾಸ್ತ್ರವು ಇದನ್ನು ಹಗುರವಾಗಿ ಕಂಡಿಲ್ಲ. ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನನು ಶಬ್ದವು ಬಾಯಿಬಿಟ್ಟು ಹೇಳುವ ಅರ್ಥಕ್ಕಿಂತ ಅದರಿಂದ ಹೊಮ್ಮುವ ಧ್ವನಿಯನ್ನೇ ಕಾವ್ಯದ ಜೀವವೆಂದನು. ಕನಕದಾಸರ ಮುಂಡಿಗೆಗಳೂ ಶಿಶುನಾಳ ಶರೀಫರ ತತ್ತ್ವಪದಗಳೂ ಒಗಟಿನ ಮರೆಯಲ್ಲಿ ನಿಂತೇ ಮಾತಾಡುವುವು. ಆದರೆ ಬಾಲಿಕೆಯರಿಗೆ ತಿಳಿಯಪಡಿಸಲು ನಾವು ಆರಿಸಿಕೊಂಡದ್ದು ಅವರು ದಿನವೂ ಕೇಳಿದ್ದ ಒಂದು ಪ್ರಾರ್ಥನೆಯನ್ನು.

ಇಂಗ್ಲೆಂಡಿನ ಜಾನ್ ಹೆನ್ರಿ ನ್ಯೂಮನ್ ೧೮೩೩ರಲ್ಲಿ, ತಮ್ಮ ಮೂವತ್ತೆರಡನೆಯ ವಯಸ್ಸಿನಲ್ಲಿ, ಸಿಸಿಲಿ ದ್ವೀಪದಲ್ಲಿ ಕಠಿಣವಾದ ಜ್ವರಕ್ಕೆ ತುತ್ತಾಗಿ ಬದುಕಿ ಉಳಿದರು. ಊರಿಗೆ ಮರಳುವ ಆತುರ. ಕಿತ್ತಳೆಹಣ್ಣನ್ನು ಹೊತ್ತು ಪಲೆರ್ಮೊದಿಂದ ಮಾರ್ಸೇಲ್ಸಿಗೆ ಹೊರಟಿದ್ದ ಹಾಯಿಹಡಗೊಂದು ಸಿಕ್ಕಿತು. ಆದರೆ ನಡುದಾರಿಯಲ್ಲಿ, ಬೊನಿಫಾಚಿಯೊ ಜಲಸಂಧಿಯಲ್ಲಿ, ಗಾಳಿಯು ಬಿದ್ದುಹೋಗಿ ಹಡಗು ನಿಂತಲ್ಲೇ ನಿಂತಿತು. ಆ ಪಯಣದಲ್ಲಿ ಅವರು ಬೆಳಕನ್ನು ಕುರಿತು ಬರೆದ ಪ್ರಾರ್ಥನೆಯೇ ಮುಂದೆ ಲೋಕವಿಖ್ಯಾತವಾಗಿ ಗಾಂಧೀಜಿಯವರಿಗೂ ಪ್ರಿಯವಾಯಿತು. ಬಿ. ಎಂ. ಶ್ರೀಕಂಠಯ್ಯನವರು ಅದನ್ನು ಕನ್ನಡಿಸಿ ‘ಇಂಗ್ಲಿಷ್ ಗೀತಗಳು’ (೧೯೨೬) ಎಂಬ ಪುಸ್ತಕದಲ್ಲಿ ಸೇರಿಸಿದರು. ಅಂದಿನಿಂದ ಮತಭೇದವಿಲ್ಲದೆ ಕನ್ನಡನಾಡಿನ ಎಷ್ಟೋ ಶಾಲೆಗಳ ಅಂಗಳದಲ್ಲಿ ಅದು ಮೊಳಗಿದೆ.

ಈಗ ಗಮನಿಸತಕ್ಕ ಸಂಗತಿ ಇದು. ಆ ಪ್ರಾರ್ಥನೆಯಲ್ಲಿ ಸಿಸಿಲಿಯ ಹೆಸರಿಲ್ಲ, ಜ್ವರದ ಮಾತಿಲ್ಲ, ಹಡಗೂ ಇಲ್ಲ, ಕಿತ್ತಳೆಯಂತೂ ಇಲ್ಲ. ಸಂದರ್ಭವನ್ನೆಲ್ಲ ಕವಿಯು ಅಳಿಸಿಬಿಟ್ಟಿರುವನು. ಆದರೆ ಕತ್ತಲೆಯಿದೆ, ಮನೆಯು ದೂರವಿದೆ, ಎತ್ತಿ ಇಡಬೇಕಾದ ಒಂದು ಹೆಜ್ಜೆಯಿದೆ. ರಾತ್ರಿ ದಾರಿ ತಪ್ಪಿದ ಯಾವನಿಗೂ ಇವು ತಿಳಿದ ವಸ್ತುಗಳು. ಸಂದರ್ಭವನ್ನು ಅಳಿಸಿದ್ದರಿಂದ, ಆಸ್ಪತ್ರೆಯ ಜಗಲಿಯಲ್ಲಿ ಕುಳಿತ ತಾಯಿಯೂ ಪರೀಕ್ಷೆಗೆ ಹೆದರಿದ ಬಾಲಿಕೆಯೂ ಅದನ್ನು ತಮ್ಮದೆಂದು ಹಾಡಬಲ್ಲರು. ವಸ್ತುಗಳನ್ನು ಉಳಿಸಿದ್ದರಿಂದ ಅದು ಗಾಳಿಯಲ್ಲಿ ಕರಗಿಹೋಗಲಿಲ್ಲ. ಬೇಂದ್ರೆಯವರು ‘ಗರಿ’ (೧೯೩೨) ಸಂಕಲನದಲ್ಲಿ ಕಾಲವನ್ನು ಹಕ್ಕಿಯಾಗಿ ಹಾರಿಸಿದಾಗಲೂ ಹಾಗೆಯೇ ಆಯಿತು. ಕಾಲವೆಂಬುದು ಕೈಗೆ ಸಿಕ್ಕದ ಭಾವ. ಆದರೆ ಹಕ್ಕಿಗೆ ರೆಕ್ಕೆಯುಂಟು, ಬಣ್ಣವುಂಟು, ಮಗುವೂ ತಲೆಯೆತ್ತಿ ನೋಡೀತು.

ಆದಕಾರಣ ಅಮೂರ್ತವಾದ ಹಾಡು ಬೇರೆ, ಬರಿದಾದ ಹಾಡು ಬೇರೆ. ಇವೆರಡನ್ನು ಒಂದೆಂದು ತಿಳಿದದ್ದೇ ನಮ್ಮ ಇಷ್ಟು ವರುಷಗಳ ಗೊಂದಲಕ್ಕೆ ಮೂಲ. ಮರೆನುಡಿಯಲ್ಲಿ ಬರೆಯುವವಳು ಮೊದಲು ನೇರವಾದ ಸಂಗತಿಯನ್ನು ಬಲ್ಲವಳಾಗಿರಬೇಕು. ಬಲ್ಲದ್ದನ್ನು ಬೇಕೆಂದೇ ಮರೆಯಲ್ಲಿಡುವಳು. ಬರಿದಾದ ಹಾಡನ್ನು ಬರೆಯುವವಳ ಬಳಿ ಮರೆಯಲ್ಲಿಡಲು ಏನೂ ಇರುವುದಿಲ್ಲ. ಇದನ್ನು ಪರೀಕ್ಷಿಸಲು ನಾವು ತರಗತಿಯಲ್ಲಿ ಒಂದು ಸುಲಭ ಉಪಾಯವನ್ನು ಇಟ್ಟುಕೊಂಡೆವು. ಹಾಡನ್ನು ತಂದವಳೊಡನೆ, “ಇದರ ಹಿಂದೆ ನಡೆದದ್ದೇನು? ಹಾಡಬೇಡ, ಮನೆಯ ಮಾತಿನಲ್ಲಿ ಹೇಳು” ಎನ್ನುವೆವು. ತುಳುವಿನಲ್ಲಿಯೋ ಅರೆಭಾಷೆಯಲ್ಲಿಯೋ ಅವಳು ಐದು ನಿಮಿಷ ಮಾತಾಡಬಲ್ಲಳಾದರೆ ಹಾಡಿಗೆ ಬೇರು ಉಂಟು. ಎಷ್ಟನ್ನು ತೋರಿಸಬೇಕು, ಎಷ್ಟನ್ನು ಮುಚ್ಚಬೇಕು ಎಂಬುದನ್ನು ಆಮೇಲೆ ಯೋಚಿಸಬಹುದು. ಮಾತು ಹೊರಡದಿದ್ದರೆ ಶಬ್ದಗಳನ್ನು ಎಷ್ಟು ಬದಲಾಯಿಸಿದರೂ ಪ್ರಯೋಜನವಿಲ್ಲ.

ಎಷ್ಟನ್ನು ಮುಚ್ಚಬೇಕೆಂಬುದು ಮಾತ್ರ ಕೇವಲ ಕಲೆಯ ಪ್ರಶ್ನೆಯಲ್ಲ. ಇದನ್ನು ನಮಗೆ ಕಲಿಸಿದವಳು ಹತ್ತನೆಯ ತರಗತಿಯ ಒಬ್ಬ ವಿದ್ಯಾರ್ಥಿನಿ.

ಅವಳ ಮನೆಯು ಕುಮಾರಧಾರೆಯ ಆಚೆ ದಡದಲ್ಲಿತ್ತು. ಆ ವರುಷ ಮಳೆಗಾಲದಲ್ಲಿ ಅವಳು ಬಹುದಿನ ಶಾಲೆಗೆ ಬರಲಿಲ್ಲ. ಬಂದ ಮೇಲೆ, ಯಾರೂ ಕೇಳದೆ, ಒಂದು ಹಾಡನ್ನು ಬರೆದು ನಮ್ಮ ಕೈಯಲ್ಲಿಟ್ಟು, ವಾರ್ಷಿಕೋತ್ಸವದಲ್ಲಿ ತಾನೇ ಹಾಡುವೆನೆಂದಳು. ಆ ಮನೆಯಲ್ಲಿ ಏನು ನಡೆಯಿತೆಂಬುದನ್ನು ನಾವಿಲ್ಲಿ ಬರೆಯಲಾರೆವು. ಅದು ನಮ್ಮ ಸೊತ್ತಲ್ಲ. ಹಾಡಿನಲ್ಲಿ ಎಲ್ಲವೂ ಇತ್ತು. ಹೆಸರಿತ್ತು, ದಿನವಿತ್ತು, ಯಾರು ಏನು ಹೇಳಿದರು, ಯಾರು ಹೇಳದೆ ಉಳಿದರು ಎಂಬುದೂ ಇತ್ತು. ನಾವು ಕಲಿಸಿದ ನೇರನುಡಿಯನ್ನು ಇಷ್ಟು ಚೆನ್ನಾಗಿ ಕಲಿತ ಮತ್ತೊಬ್ಬ ವಿದ್ಯಾರ್ಥಿನಿಯಿಲ್ಲ. ಓದುತ್ತ ಹೋದಂತೆ ಕೊನೆಯ ನುಡಿಯನ್ನು ಗಟ್ಟಿಯಾಗಿ ಓದಲು ನಮ್ಮಿಂದ ಆಗಲಿಲ್ಲ.

ಅವಳ ತಾಯಿಯು ಸಭೆಯಲ್ಲಿ ಕುಳಿತಿರುವರು. ಊರಿನ ಐನೂರು ಮಂದಿಯೂ ಇರುವರು. ಈ ಹಾಡಿನಲ್ಲಿ ಬರುವ ದುಃಖವು ಬಾಲಿಕೆಯೊಬ್ಬಳದೇ ಅಲ್ಲ. ಅದನ್ನು ಸಭೆಯ ಮುಂದೆ ಬಿಚ್ಚಲು ತಾಯಿಯು ಒಪ್ಪಿರುವರೋ ಇಲ್ಲವೋ ನಮಗೆ ತಿಳಿಯದು. ಅವಳನ್ನೇ ಕೇಳಿದೆವು. ಅವಳು ಬಹಳ ಹೊತ್ತು ಕಾಗದವನ್ನು ಮಡಚುತ್ತ ಬಿಚ್ಚುತ್ತ ಇದ್ದು, “ಅಮ್ಮನಿಗೆ ನಾನು ಬರೆದದ್ದು ಗೊತ್ತಿಲ್ಲ ಟೀಚರೇ” ಎಂದಳು. ಹಾಡಬಾರದೆಂದು ನಾವು ಹೇಳಲಿಲ್ಲ. ಹೆಸರನ್ನೂ ದಿನವನ್ನೂ ಅಳಿಸಿದರೆ ಏನು ಉಳಿಯುವುದು ನೋಡೋಣವೆಂದೆವು. ಇಬ್ಬರೂ ಕುಳಿತು ಒಂದೊಂದಾಗಿ ತೆಗೆಯುತ್ತ ಹೋದೆವು. ನಾವು ಹೊಳೆಯನ್ನೂ ತೆಗೆಯೋಣವೆಂದಾಗ ಅವಳು ಒಪ್ಪಲಿಲ್ಲ. “ಹೊಳೆ ಇರಲಿ” ಎಂದಳು. ಅವಳ ಮಾತೇ ಸರಿಯಾಗಿತ್ತು. ಕೊನೆಗೆ ಉಳಿದದ್ದರಲ್ಲಿ ನಾಲ್ಕು ಸಾಲನ್ನು ಅವಳ ಒಪ್ಪಿಗೆಯಿಂದ ಇಲ್ಲಿ ಕೊಡುವೆವು:

ಜಗಲಿಯ ದೀಪವನಾರಿಸಬೇಡ
ಬರುವವರಿದ್ದಾರಿರುಳಿನಲಿ
ಹೊಳೆಯಾಚೆಯ ಆ ದಾರಿಯು ದೂರ
ಬೆಳಕಿರಲಮ್ಮಾ ಬಾಗಿಲಲಿ

ಉತ್ಸವದ ದಿನ ಅವಳು ಇದನ್ನು ಹಾಡಿದಳು. ಸಭೆಯಲ್ಲಿ ಅನೇಕರಿಗೆ ಇದು ಮಗುವನ್ನು ಕಾಯುವ ತಾಯಿಯ ಹಾಡಾಗಿ ಕೇಳಿಸಿತು. ಕೆಲವರು ದೇವರ ಹಾಡೆಂದರು. ಕೊಲ್ಲಿಯ ದೇಶದಲ್ಲಿ ದುಡಿಯುವ ಮಗನುಳ್ಳ ಒಬ್ಬ ಹೆಂಗಸು ಹಾಡನ್ನು ಬರೆದುಕೊಡಬೇಕೆಂದು ನಮ್ಮಲ್ಲಿ ಕೇಳಿದರು. ಬಾಲಿಕೆಯ ತಾಯಿಯು ಏನನ್ನು ಕೇಳಿಸಿಕೊಂಡರೆಂಬುದನ್ನು ಅವರ ಮುಖದಿಂದ ತಿಳಿಯಲಾಗಲಿಲ್ಲ. ಅವರು ಮಗಳ ಕೈಹಿಡಿದುಕೊಂಡು ಕೊನೆಯ ಬಸ್ಸಿಗೆ ಹೊರಟರು.

ನಾವು ಮಾಡಿದ್ದು ಸರಿಯೇ ಎಂಬ ಸಂಶಯವು ಬಹುಕಾಲ ನಮ್ಮನ್ನು ಬಿಡಲಿಲ್ಲ. ಸತ್ಯವನ್ನು ಬರೆಯಲು ಕಲಿಸಿ, ಅವಳು ಬರೆದು ತಂದಾಗ ಮುಚ್ಚಲು ಹೇಳಿದೆವಲ್ಲವೇ? ಕಳೆದ ವರುಷ ಅವಳು ತನ್ನ ಮಗಳನ್ನು ಎಂಟನೆಯ ತರಗತಿಗೆ ಸೇರಿಸಲು ನಮ್ಮ ಶಾಲೆಗೆ ಬಂದಿದ್ದಳು. ಮಾತು ಮಾತಿನಲ್ಲಿ ಈ ಸಂಶಯವನ್ನು ಅವಳ ಮುಂದಿಟ್ಟೆವು. ಅವಳು ನಕ್ಕು, ಮೊದಲ ಹಾಡಿನ ಕಾಗದವು ಇನ್ನೂ ತನ್ನ ಪೆಟ್ಟಿಗೆಯಲ್ಲಿದೆಯೆಂದಳು. ತಾಯ್ತಂದೆಯ ಮನೆಗೆ ಹೋದ ಒಂದು ರಾತ್ರಿ, ಮದುವೆಯಾಗಿ ಕೆಲವು ವರುಷಗಳ ನಂತರ, ತಾಯಿಯೊಬ್ಬರೇ ಇದ್ದಾಗ ಅದನ್ನು ಓದಿ ಹೇಳಿದಳಂತೆ. ತಾಯಿಯು ಪೂರ್ತಿ ಕೇಳಿ, ಎದ್ದು ಹೋಗಿ ಜಗಲಿಯ ದೀಪವನ್ನು ಹಾಕಿ ಬಂದರಂತೆ.

“ಎರಡೂ ನನ್ನದೇ ಟೀಚರೇ,” ಎಂದಳು. “ಒಂದು ಶಾಲೆಗೆ, ಒಂದು ಮನೆಗೆ.” ಆ ಬಳಿಕ ಮಗಳ ಪ್ರವೇಶಪತ್ರದಲ್ಲಿ ಮನೆಮಾತು ಎಂಬ ಸ್ಥಳದಲ್ಲಿ ತುಳು ಎಂದು ಬರೆದು ಸಹಿ ಹಾಕಿದಳು.